ಮಕ್ಕಳ ಕೈಸನ್ನೆ

ಮಾತು ಬರುವ ಮುಂಚೆಯೇ ಮಗು ಕೈಯಿಂದ ಹೇಳತೊಡಗುತ್ತದೆ. ಸುಮಾರು 9ರಿಂದ 12 ತಿಂಗಳ ನಡುವೆ ಅದು ವಸ್ತುವನ್ನು ಎತ್ತಿ ತೋರಿಸುತ್ತದೆ, ಬೇಕಾದುದಕ್ಕೆ ಕೈಚಾಚುತ್ತದೆ, ಬೆರಳು ಮಾಡುತ್ತದೆ. ಕಾಗೆಯತ್ತ ಬೆರಳು ಮಾಡಿ ಅಮ್ಮನ ಮುಖ ನೋಡುವ ಮಗು ಗಮನವನ್ನು ಹಂಚಿಕೊಳ್ಳುತ್ತಿದೆ. ಸಂಭಾಷಣೆಯ ಬೇರು ಅಲ್ಲಿದೆ. ಸನ್ನೆಗೆ ಒಗ್ಗಿದ ಮಗುವಿಗೆ ಮಾತು ತಡವಾಗುತ್ತದೆ ಎಂಬ ಆತಂಕ ಉಂಟು. ಪುರಾವೆ ಅದಕ್ಕೆ ವಿರುದ್ಧವಾಗಿದೆ. ಸಂಶೋಧಕರಾದ ಜಾನಾ ಐವರ್ಸನ್ ಮತ್ತು ಸೂಸನ್ ಗೋಲ್ಡಿನ್-ಮೆಡೋ 2005ರಲ್ಲಿ ಪ್ರಕಟಿಸಿದ ಅಧ್ಯಯನದ 10 ಮಕ್ಕಳು ಬಹುಪಾಲು ವಸ್ತುಗಳನ್ನು ಮೊದಲು ಸನ್ನೆಯಿಂದ, ಆಮೇಲೆ ಪದದಿಂದ ಸೂಚಿಸಿದರು. ‘ಬಾ’ ಎನ್ನುತ್ತ ಬೆಕ್ಕಿನತ್ತ ಬೆರಳು ಮಾಡುವಂತಹ ಜೋಡಣೆಗೆ ಮೊದಲು ತಲುಪಿದವರೇ ಎರಡು ಪದಗಳ ವಾಕ್ಯಕ್ಕೂ ಮೊದಲು ತಲುಪಿದರು. ಹೀಗಾಗಿ ಸನ್ನೆಯನ್ನು ಊರುಗೋಲೆನ್ನುವುದು ಸರಿಯಲ್ಲ. ವಾಕ್ಯ ಮೊದಲು ಮೊಳೆಯುವುದು ಕೈಯಲ್ಲಿ.

ಇದೆಲ್ಲ ಹಿರಿಯರ ಅನುಕರಣೆಯಷ್ಟೇ ಎನ್ನಬಹುದು. ಟಾಟಾ ಮಾಡುವುದು, ಕೈಮುಗಿಯುವುದು ಖಂಡಿತವಾಗಿ ಕಲಿತದ್ದು. ಸನ್ನೆ ಹೇರಳವಾಗಿರುವ ಇಟಲಿಯ ಮಕ್ಕಳು ಅಮೆರಿಕದ ಮಕ್ಕಳಿಗಿಂತ ವಸ್ತು, ಕ್ರಿಯೆಗಳನ್ನು ಅಭಿನಯಿಸಿ ತೋರಿಸುವ ಹೆಚ್ಚು ಬಗೆಯ ಸನ್ನೆಗಳನ್ನು ಬಳಸುವುದೂ ಕಂಡುಬಂದಿದೆ. ಆದರೆ ಹುಟ್ಟುಕುರುಡರು ಯಾರ ಕೈಯನ್ನೂ ನೋಡದೆ, ಕುರುಡ ಕೇಳುಗರ ಎದುರಿಗೂ, ಮಾತಿನೊಡನೆ ಕೈಯಾಡಿಸುತ್ತಾರೆ. 2016ರಲ್ಲಿ ವರದಿಯಾದಂತೆ, ಹುಟ್ಟುಕುರುಡರಾದ ಟರ್ಕಿಶ್ ಮತ್ತು ಇಂಗ್ಲಿಷ್ ಭಾಷಿಕರ ಸನ್ನೆಗಳು ತಂತಮ್ಮ ಭಾಷೆಯ ಜಾಡನ್ನೇ ಹಿಡಿದಿದ್ದವು. ಸಂಸ್ಕೃತಿ ಕೈಗೆ ಇಳಿಯುವುದು ಕಣ್ಣಿನಿಂದ ಮಾತ್ರವಲ್ಲ, ನುಡಿಯ ಕಟ್ಟಿನಿಂದಲೂ.