ಚಕ್ಕುಬಂದಿಯ ಆಚೆ: ಶಿಕಾರಿಪುರ–ಸೊರಬ ಸೀಮೆಯಲ್ಲಿ ಹೊಸ ಮನೆಯ ಖರೀದಿ ಮತ್ತು ನೆರೆಯ ಯೋಜನೆಗಳ ಮಾಹಿತಿ

2023ರ ಫೆಬ್ರವರಿ 27ರಂದು ಶಿವಮೊಗ್ಗ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ದಿನ ಪ್ರಧಾನಿ ನರೇಂದ್ರ ಮೋದಿ ಇನ್ನಷ್ಟು ಕಾಮಗಾರಿಗಳಿಗೆ ಶಂಕುಸ್ಥಾಪನೆ ಮಾಡಿದರು. ಅವುಗಳಲ್ಲಿ ಎರಡು ಶಿಕಾರಿಪುರದ ಭೂಪಟವನ್ನೇ ಬದಲಿಸುವಂಥವು. ಒಂದು, ಸುಮಾರು 990 ಕೋಟಿ ರೂಪಾಯಿ ಅಂದಾಜಿನ ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲು ಮಾರ್ಗ. ಇನ್ನೊಂದು, ಬೈಂದೂರಿನಿಂದ ರಾಣೆಬೆನ್ನೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ಸಿಗೆ ಶಿಕಾರಿಪುರ ಪಟ್ಟಣದ ಬೈಪಾಸ್. ಇವೆರಡೂ ಬರುತ್ತವೆ ಎಂಬ ಸುದ್ದಿ ತಾಲ್ಲೂಕಿನಲ್ಲಿ ಯಾರಿಗೂ ಗುಟ್ಟಲ್ಲ. ನಿವೇಶನ ಮಾರುವವರೇ ಅದನ್ನು ಎಲ್ಲರಿಗಿಂತ ಮೊದಲು ಹೇಳುತ್ತಾರೆ, ಅದರ ಹೆಸರಿನಲ್ಲಿ ದರವನ್ನೂ ಏರಿಸುತ್ತಾರೆ. ಕೊಳ್ಳುವವನಿಗೆ ತಿಳಿಯದೆ ಉಳಿಯುವುದು ಬೇರೆ ಸಂಗತಿ: ಆ ರಸ್ತೆಯ ಜಾಡು ತಾನು ಕೊಳ್ಳುತ್ತಿರುವ ಮನೆಯ ಹಿಂಗೋಡೆಯಿಂದ ಎಷ್ಟು ದೂರ, ಅಲ್ಲಿ ಅದು ನೆಲಮಟ್ಟದಲ್ಲಿ ಹೋಗುತ್ತದೆಯೋ ಎತ್ತರದ ಮಣ್ಣಿನ ಏರಿಯ ಮೇಲೆಯೋ, ಇಂದಿನ ಕಾಲುದಾರಿ ನಾಳೆ ಉಳಿಯುತ್ತದೆಯೋ ಇಲ್ಲವೋ. ಯೋಜನೆಯನ್ನು ಸಾರಿ ಹೇಳಿ ಅದರ ಜಾಡನ್ನು ಮುಚ್ಚಿಡುವ ಈ ಅರ್ಧ ಮಾಹಿತಿಯೇ ಈ ಲೇಖನದ ವಿಷಯ. ನಮ್ಮ ಕಾನೂನಿನಲ್ಲಿ ಮಾರುವವನು ಬಾಯಿ ಬಿಡಬೇಕಾದ ಕರ್ತವ್ಯ ನಿವೇಶನದ ಗಡಿಕಲ್ಲಿಗೆ ಬಂದು ನಿಂತುಬಿಡುತ್ತದೆ. ಗಡಿಯಾಚೆಯ ಸತ್ಯ ಸಾರ್ವಜನಿಕ ದಾಖಲೆಯಲ್ಲಿದ್ದರೂ ಕೊಳ್ಳುವವನ ಕೈಗೆ ಸಿಗುವ ರೂಪದಲ್ಲಿ ಇಲ್ಲ ಎಂಬುದು ನನ್ನ ವಾದ.

ಗಡಿಯನ್ನು ಬರೆದಿಡುವ ವಿಷಯದಲ್ಲಿ ಈ ಸೀಮೆಗೆ ದೀರ್ಘ ಪರಂಪರೆಯಿದೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟ (1902) ಶಿಕಾರಿಪುರದ, 8ನೆಯ ಸಂಪುಟ (1904) ಸೊರಬದ ಶಾಸನಗಳನ್ನು ಒಳಗೊಂಡಿವೆ. ಬಳ್ಳಿಗಾವೆ, ತಾಳಗುಂದಗಳಿರುವ ಈ ನೆಲದ ದಾನಶಾಸನಗಳಲ್ಲಿ ಕೊಟ್ಟ ಭೂಮಿಯ ಸೀಮೆಯನ್ನು ದಿಕ್ಕು ಹಿಡಿದು ಹೇಳುವ ಪದ್ಧತಿ ಚಿರಪರಿಚಿತ. ಕೆರೆ, ನೆಟ್ಟ ಕಲ್ಲು, ಮರ, ದಾರಿ ಎಲ್ಲವೂ ಅಲ್ಲಿ ಸಾಕ್ಷಿಗಳು. ಇಂದಿನ ಕ್ರಯಪತ್ರದ ಷೆಡ್ಯೂಲಿನಲ್ಲಿ ಬರುವ ಚಕ್ಕುಬಂದಿ ಅದೇ ಕೆಲಸ ಮಾಡುತ್ತದೆ. ನೆರೆಯಲ್ಲಿ ಇರುವುದು ಸುಲಭಕ್ಕೆ ಬದಲಾಗದು ಎಂಬ ನಂಬಿಕೆ ಎರಡರ ಹಿಂದೆಯೂ ಇದೆ. ದಾನಶಾಸನದ ಕಾಲಕ್ಕೆ ಆ ನಂಬಿಕೆ ಸರಿಯಾಗಿತ್ತು.

ಬಡಾವಣೆಯ ಅಂಚಿನ ನಿವೇಶನವೊಂದರ ಷೆಡ್ಯೂಲನ್ನು ತೆರೆದು ನೋಡಿ. ಪೂರ್ವಕ್ಕೆ ಇಂತಿಷ್ಟನೆಯ ನಂಬರಿನ ನಿವೇಶನ, ಉತ್ತರಕ್ಕೆ ಮತ್ತೊಂದು ನಿವೇಶನ, ದಕ್ಷಿಣಕ್ಕೆ 30 ಅಡಿ ರಸ್ತೆ, ಪಶ್ಚಿಮಕ್ಕೆ ‘ಖಾಸಗಿ ಜಮೀನು’. ಮೂರು ದಿಕ್ಕುಗಳು ಬಡಾವಣೆಯ ನಕ್ಷೆಯೊಳಗಿವೆ, ಅವು ಏನಾಗುತ್ತವೆ ಎಂಬುದು ಗೊತ್ತು. ನಾಲ್ಕನೆಯ ದಿಕ್ಕಿನಲ್ಲಿ ಸರ್ವೆ ನಂಬರೂ ಇಲ್ಲ, ಮಾಲೀಕನ ಹೆಸರೂ ಇಲ್ಲ. ಮುಂದೆ ಹೆದ್ದಾರಿ, ಗೋದಾಮು, ಅಕ್ಕಿ ಗಿರಣಿ, ಕಸ ವಿಲೇವಾರಿ ಘಟಕ ಯಾವುದೇ ಬರಲಿ, ಅದು ಬರುವುದು ಆ ಎರಡು ಪದಗಳ ಜಾಗದಲ್ಲಿ. ಮನೆಯ ಬೆಲೆಯನ್ನೂ ನೆಮ್ಮದಿಯನ್ನೂ ತೀರ್ಮಾನಿಸುವ ದಿಕ್ಕೇ ದಸ್ತಾವೇಜಿನಲ್ಲಿ ಅತಿ ಅಸ್ಪಷ್ಟವಾಗಿ ಉಳಿಯುತ್ತದೆ.

ಇದಕ್ಕೆ ಪತ್ರ ಬರಹಗಾರರನ್ನು ದೂರಿ ಪ್ರಯೋಜನವಿಲ್ಲ. 1908ರ ನೋಂದಣಿ ಕಾಯ್ದೆಯ 21ನೆಯ ಕಲಮು ಸ್ವತ್ತನ್ನು ಗುರುತಿಸಲು ಸಾಕಾಗುವಷ್ಟು ವಿವರ ಕೇಳುತ್ತದೆ. ಪಟ್ಟಣದ ಮನೆಗಳನ್ನು ಅವು ಮುಖ ಮಾಡಿರುವ ಬೀದಿಯಿಂದ, ಇಂದಿನ ಮತ್ತು ಹಿಂದಿನ ಅನುಭೋಗದಿಂದ ಗುರುತಿಸಬೇಕೆನ್ನುತ್ತದೆ. ಮುಂದೇನಾಗಲಿದೆ ಎಂಬ ಪ್ರಶ್ನೆಗೆ ಅಲ್ಲಿ ಎಡೆಯೇ ಇಲ್ಲ. ನಾವು ಶ್ರದ್ಧೆಯಿಂದ ತೆಗೆಸುವ ಉಳಿದ ಕಾಗದಗಳ ಕಥೆಯೂ ಇದೇ. ಋಣಭಾರ ಪತ್ರ, ಅಂದರೆ ಇಸಿ, ಆ ಸ್ವತ್ತಿನ ಮೇಲೆ ಈವರೆಗೆ ನೋಂದಣಿಯಾದ ವ್ಯವಹಾರಗಳನ್ನು ಹೇಳುತ್ತದೆ. ಗ್ರಾಮ ಪಂಚಾಯಿತಿಯ ಇ-ಸ್ವತ್ತು, ಪಟ್ಟಣದ ಇ-ಖಾತೆ ಇಂದಿನ ಮಾಲೀಕ ಯಾರೆಂದು ಹೇಳುತ್ತವೆ. ನಾಳೆಯ ಸುಳಿವು ಸಿಗಬಹುದಾದ ದಾಖಲೆ ಪಹಣಿ. ಭೂಸ್ವಾಧೀನದ ಅಧಿಸೂಚನೆಯಾದ ಜಮೀನಿನ ಪಹಣಿಯಲ್ಲಿ ಸಾಮಾನ್ಯವಾಗಿ ಆ ನಮೂದು ಬರುತ್ತದೆ. ಆದರೆ ಅದು ಬರುವುದು ನೆರೆಯ ಸರ್ವೆ ನಂಬರಿನ ಪಹಣಿಯಲ್ಲಿ. ಅನ್ಯಕ್ರಾಂತವಾಗಿ ಖಾತೆಯಾದ ಮನೆಯನ್ನು ಕೊಳ್ಳುವವನು ತನ್ನ ನಿವೇಶನದ ಮೂಲ ಪಹಣಿಯನ್ನೇ ಕೇಳುವುದು ಅಪರೂಪ. ಪಕ್ಕದವರದನ್ನು ಏಕೆ ಕೇಳಬೇಕೆಂದು ಅವನಿಗೆ ಹೇಳಿಕೊಟ್ಟವರಾದರೂ ಯಾರು?

ಹೆದ್ದಾರಿಗೆ ಭೂಮಿ ಪಡೆಯುವ ವಿಧಾನವನ್ನು ಸ್ವಲ್ಪ ನಿಧಾನವಾಗಿ ಗಮನಿಸಬೇಕು. 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆಯ 3ಎ ಕಲಮಿನಡಿ ಹೊರಡುವ ಅಧಿಸೂಚನೆಯ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು. 3ಸಿ ಪ್ರಕಾರ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಅದನ್ನು ಸಲ್ಲಿಸಬಲ್ಲವನು ಆ ಭೂಮಿಯಲ್ಲಿ ಹಿತಾಸಕ್ತಿ ಇರುವವನು ಮಾತ್ರ. 3ಡಿ ಘೋಷಣೆ ಪ್ರಕಟವಾದೊಡನೆ ಭೂಮಿ ಕೇಂದ್ರ ಸರ್ಕಾರದ ವಶ. ಇಡೀ ಪ್ರಕ್ರಿಯೆಯಲ್ಲಿ ಭೂಮಿ ಕಳೆದುಕೊಳ್ಳುವವನಿಗೆ ನೋಟಿಸು, ವಿಚಾರಣೆ, ಪರಿಹಾರ ಇವೆ. ಭೂಮಿ ಕಳೆದುಕೊಳ್ಳದೆ ರಸ್ತೆಯ ಮಗ್ಗುಲಿಗೆ ಬಂದು ಬೀಳುವ ಮನೆಯವನಿಗೆ ಇವುಗಳಲ್ಲಿ ಒಂದೂ ಇಲ್ಲ. ಆದರೂ ಅವನ ಮೇಲೆ ನಿರ್ಬಂಧ ಬೀಳುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಬಯಲು ಪ್ರದೇಶದ ಹೆದ್ದಾರಿಗಳಲ್ಲಿ ರಸ್ತೆಯ ಮಧ್ಯರೇಖೆಯಿಂದ ಕಟ್ಟಡ ರೇಖೆ 40 ಮೀಟರ್, ನಿಯಂತ್ರಣ ರೇಖೆ 75 ಮೀಟರ್. ಮೊದಲ ಮಹಡಿ ಏರಿಸುವ ಆಸೆಯಿಂದ ನೆಲಮಹಡಿಯ ಮನೆ ಕೊಂಡ ಕುಟುಂಬಕ್ಕೆ ಈ ಅಂಕಿಗಳು ಪರವಾನಗಿಯ ಅರ್ಜಿ ಹಾಕಿದ ದಿನ ಎದುರಾದರೆ ಹೇಗಿರುತ್ತದೆ ಎಂಬುದನ್ನು ವಿವರಿಸಬೇಕಿಲ್ಲ. ಸದ್ದಿನ ಮಾತನ್ನೂ ಹೇಳಬೇಕು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಗೊತ್ತುಪಡಿಸಿದ ರಾತ್ರಿಯ ಮಿತಿ 45 ಡೆಸಿಬಲ್. ರಾತ್ರಿಯಿಡೀ ಲಾರಿ ಓಡುವ ಹೆದ್ದಾರಿಯ ಮಗ್ಗುಲಲ್ಲಿ ಅದು ಕಾಗದದ ಮೇಲಿನ ಅಂಕಿ.

ಹೀಗಾದಾಗ ಮಾರಿದವನನ್ನು ಕೇಳಬಹುದೇ? 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55(1)(ಎ) ಪ್ರಕಾರ, ತನಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ಅವನು ಕಂಡುಹಿಡಿಯಲಾಗದ ಮುಖ್ಯ ದೋಷವನ್ನು ಮಾರುವವನು ಹೇಳಲೇಬೇಕು. ಆದರೆ ಆ ದೋಷ ಸ್ವತ್ತಿನಲ್ಲಿರಬೇಕು ಅಥವಾ ಹಕ್ಕಿನಲ್ಲಿರಬೇಕು. ಪಕ್ಕದ ಹೊಲದಲ್ಲಿ ಬರಲಿರುವ ರಸ್ತೆಯನ್ನು ಇವೆರಡರೊಳಗೆ ಸೇರಿಸುವುದು ಕಷ್ಟ. 1872ರ ಕರಾರು ಕಾಯ್ದೆಯ 17ನೆಯ ಕಲಮಿನ ವಿವರಣೆಯಂತೆ, ಮಾತಾಡಬೇಕಾದ ಕರ್ತವ್ಯ ಇಲ್ಲದಿದ್ದಲ್ಲಿ ಬರಿಯ ಮೌನ ವಂಚನೆಯಲ್ಲ. 19ನೆಯ ಕಲಮಿನ ವಿನಾಯಿತಿ ಇನ್ನೂ ಕಠಿಣ: ಮೌನ ವಂಚನೆಯೇ ಆಗಿದ್ದರೂ, ಸಾಮಾನ್ಯ ಶ್ರದ್ಧೆಯಿಂದ ಸತ್ಯ ತಿಳಿಯುವ ದಾರಿ ಕೊಳ್ಳುವವನಿಗಿದ್ದರೆ ಕರಾರನ್ನು ರದ್ದುಪಡಿಸಲಾಗದು. ರಾಜ್ಯಪತ್ರದಲ್ಲಿ, ದಿನಪತ್ರಿಕೆಯ ಒಳಪುಟದಲ್ಲಿ ಬಂದಿರುವುದನ್ನು ನೀನೇಕೆ ನೋಡಲಿಲ್ಲ ಎಂದು ಕೇಳುವ ಅವಕಾಶ ಮಾರಿದವನಿಗೆ ಸಿಗುತ್ತದೆ. ಸಾರ್ವಜನಿಕ ಪ್ರಕಟಣೆ ಜನರಿಗೆ ರಕ್ಷಣೆಯಾಗಬೇಕಿತ್ತು. ಇಲ್ಲಿ ಅದು ಮುಚ್ಚಿಟ್ಟವನ ರಕ್ಷಣೆಗೆ ನಿಲ್ಲುತ್ತದೆ. ಇದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

2016ರ ರಿಯಲ್ ಎಸ್ಟೇಟ್ ಕಾಯ್ದೆ, ಜನ ರೇರಾ ಎನ್ನುವುದು, ಈ ಸ್ಥಿತಿಯನ್ನು ಒಂದಿಷ್ಟು ಸುಧಾರಿಸಿತು. ಜಾಹೀರಾತಿನಲ್ಲಿ ಅಥವಾ ಪರಿಚಯ ಪತ್ರದಲ್ಲಿ ಸುಳ್ಳು ಹೇಳಿ ಹಣ ಪಡೆದವನಿಂದ 12ನೆಯ ಕಲಮಿನಡಿ ಪರಿಹಾರ ಕೇಳಬಹುದು. ಮಂಜೂರಾದ ನಕ್ಷೆಯನ್ನು ಬದಲಿಸಲು 14ನೆಯ ಕಲಮು ಮೂರನೇ ಎರಡರಷ್ಟು ಹಂಚಿಕೆದಾರರ ಒಪ್ಪಿಗೆ ಬೇಡುತ್ತದೆ. ಆದರೆ ಅದು ಯೋಜನೆಯ ಒಳಗಿನ ನಕ್ಷೆ. ಇನ್ನು ಶಿಕಾರಿಪುರ, ಸೊರಬ, ಶಿರಾಳಕೊಪ್ಪ, ಆನವಟ್ಟಿಯಂಥ ಊರುಗಳಲ್ಲಿ ರೇರಾ ತಲುಪದ ದೊಡ್ಡ ಜಾಗವೊಂದಿದೆ. 500 ಚದರ ಮೀಟರ್ ಮೀರದ ಜಾಗದ ಯೋಜನೆಗೆ ನೋಂದಣಿ ಕಡ್ಡಾಯವಲ್ಲ. 30×40ರ ಒಂದು ನಿವೇಶನ 111 ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು, ನಾಲ್ಕು ಸೇರಿದರೆ 446 ಚದರ ಮೀಟರ್. ಸಾಲಾಗಿ ನಾಲ್ಕು ಮನೆ ಕಟ್ಟಿ, ಬಣ್ಣ ಬಳಿದು, ಬೋರು ಕೊರೆಸಿ ‘ರೆಡಿ ಮನೆ’ ಎಂದು ಮಾರುವ ಮೇಸ್ತ್ರಿ ಅಥವಾ ಗುತ್ತಿಗೆದಾರ ಈ ಕಾಯ್ದೆಯ ಹೊರಗೇ ಉಳಿಯುತ್ತಾನೆ. ಸಣ್ಣ ಪಟ್ಟಣದ ಶಾಲಾ ಮೇಷ್ಟ್ರು, ಅಡಿಕೆ ಬೆಳೆಗಾರ, ನಿವೃತ್ತ ಗುಮಾಸ್ತ ಕೊಳ್ಳುವುದು ಇಂಥ ಮನೆಗಳನ್ನೇ. ಮಹಾನಗರದ ಅಪಾರ್ಟ್‌ಮೆಂಟನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ ಕಾನೂನಿಗೆ ಈ ಮನೆ ಕಾಣಲಿಲ್ಲ.

ಉಳಿದಿರುವ ದಾರಿ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವಾನ್ಯೂನತೆಯ ವ್ಯಾಖ್ಯೆಯೊಳಗೆ, ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ತಡೆಹಿಡಿಯುವುದನ್ನೂ ಸೇರಿಸಿದೆ. ಅಭಿವೃದ್ಧಿಪಡಿಸಿದ ಬಡಾವಣೆಯ ನಿವೇಶನ ಮಾರಾಟವೂ ಸೇವೆಯೆಂದು ನಾರ್ನೆ ಕನ್‌ಸ್ಟ್ರಕ್ಷನ್ಸ್ ಪ್ರಕರಣದಲ್ಲಿ (2012) ಸುಪ್ರೀಂ ಕೋರ್ಟ್ ಹೇಳಿತು. ಬರಿಯ ಭೂಮಿಯ ಮಾರಾಟ ಹಾಗಲ್ಲವೆಂದು ಗಣೇಶ್‌ಲಾಲ್ ಪ್ರಕರಣದಲ್ಲಿ (2013) ಸ್ಪಷ್ಟಪಡಿಸಿತು. ಕಟ್ಟಿಸಿ ಮಾರುವ ಮನೆಗೆ ಮೊದಲನೆಯ ತೀರ್ಪಿನ ತರ್ಕ ಹೆಚ್ಚು ಒಪ್ಪುತ್ತದೆ ಎಂದು ನನ್ನ ಅಭಿಪ್ರಾಯ.

ಸೊರಬದ ಕಡೆ ಬಂದರೆ ನೆರೆಯ ಯೋಜನೆ ಬೇರೊಂದು ರೂಪದಲ್ಲಿ ಬರುತ್ತದೆ. ಅದು ನೀರು. ದಂಡಾವತಿ, ವರದಾ ನದಿಗಳ ಈ ತಾಲ್ಲೂಕು ಕೆರೆಗಳಿಗೆ ಹೆಸರಾದದ್ದು. ಸೊರಬದಲ್ಲಿ ಮೂಡಿ, ಮೂಗೂರು, ಶಿಕಾರಿಪುರದಲ್ಲಿ ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿ ಯೋಜನೆಗಳು ಕೆರೆ ತುಂಬಿಸಲೆಂದೇ ರೂಪುಗೊಂಡವು. ರೈತರಿಗೆ ಇವು ಬಹುಕಾಲದ ಬೇಡಿಕೆ, ಅವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಮನೆ ಕೊಳ್ಳುವವನ ಕಡೆಯಿಂದ ನೋಡಿದರೆ ಮಾತ್ರ ಒಂದು ಪ್ರಶ್ನೆ ಏಳುತ್ತದೆ. ವರ್ಷಗಟ್ಟಲೆ ಬೇಸಗೆಯಲ್ಲಿ ಬತ್ತಿದ್ದ ಕೆರೆಯ ಏರಿಯ ಕೆಳಗೆ, ಹಳೆಯ ಗದ್ದೆಬಯಲಿನಲ್ಲಿ ಮಣ್ಣು ತುಂಬಿಸಿ ಕಟ್ಟಿದ ಮನೆಗೆ, ಕೆರೆ ವರ್ಷವಿಡೀ ತುಂಬಿ ನಿಂತಾಗ ಏನಾಗುತ್ತದೆ? ಅಂತರ್ಜಲ ಮೇಲೇರುತ್ತದೆ, ಬುನಾದಿಗೆ ಒಸರು ಹತ್ತುತ್ತದೆ, ಗೋಡೆ ಶೀತ ಹಿಡಿಯುತ್ತದೆ. ಮುಚ್ಚಿಹೋಗಿದ್ದ ಕಾಲುವೆ ಮತ್ತೆ ತನ್ನ ದಾರಿ ಕೇಳುತ್ತದೆ. ತೂಬು ಯಾವ ಕಡೆಗಿದೆ, ಕೋಡಿ ಬಿದ್ದರೆ ನೀರು ಎಲ್ಲಿಗೆ ಹರಿಯುತ್ತದೆ ಎಂಬುದು ಊರಿನ ಹಿರಿಯ ರೈತನಿಗೆ ಗೊತ್ತು. ಕೆಲಸದ ಮೇಲೆ ಬೇರೆ ಊರಿಂದ ಬಂದು ಮನೆ ಕೊಳ್ಳುವವನಿಗೆ ಗೊತ್ತಿಲ್ಲ. ಗ್ರಾಮ ನಕ್ಷೆಯಲ್ಲಿ ಆ ಕಾಲುವೆ ಈಗಲೂ ಗೆರೆಯಾಗಿ ಉಳಿದಿರುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ‘ಕೊಳ್ಳುವವನೇ ಎಚ್ಚರವಾಗಿರಲಿ’ ಎಂಬ ಹಳೆಯ ತತ್ತ್ವ ನಮ್ಮಲ್ಲಿಗಿಂತ ಬಿಗಿಯಾಗಿತ್ತು. ಆದರೂ ಅಲ್ಲಿ ಕೊಳ್ಳುವವನ ವಕೀಲರು ಸ್ಥಳೀಯ ಆಡಳಿತಕ್ಕೆ ಕಾನ್29 ಎಂಬ ಪ್ರಶ್ನಾವಳಿ ಕಳಿಸುತ್ತಾರೆ. ಸ್ವತ್ತಿನ ಗಡಿಯಿಂದ 200 ಮೀಟರಿನೊಳಗೆ ರಸ್ತೆ ಯೋಜನೆ ಇದೆಯೇ, ರೈಲು ಯೋಜನೆ ಇದೆಯೇ ಎಂಬುದು ಅದರಲ್ಲಿ ಇರುವ ಪ್ರಶ್ನೆ. ಪಕ್ಕದ ಖಾಸಗಿ ಜಮೀನಿನ ಕಟ್ಟಡ ಪರವಾನಗಿಗಳನ್ನು ಅದು ಹೇಳುವುದಿಲ್ಲ, ಆ ಕೊರತೆಯಿಂದ ಅಲ್ಲಿಯೂ ವ್ಯಾಜ್ಯಗಳಾಗುತ್ತವೆ. ಆದರೆ ರಸ್ತೆ, ರೈಲು ಎರಡೂ ಒಟ್ಟಿಗೆ ಬರುತ್ತಿರುವ ಶಿಕಾರಿಪುರಕ್ಕೆ ಆ ಒಂದು ಪ್ರಶ್ನೆಯೇ ಸಾಕಷ್ಟು ಕೆಲಸ ಮಾಡಬಲ್ಲದು.

ಉತ್ತರ ಕೊಡಬಲ್ಲ ದಾಖಲೆಗಳು ನಮ್ಮಲ್ಲೂ ಇವೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಾಸ್ಟರ್ ಪ್ಲಾನ್ ಪ್ರಕಟಿಸಿ ಜನರ ಅಭಿಪ್ರಾಯಕ್ಕೆ 60 ದಿನ ಕೊಡಬೇಕು. ಭೂ ಉಪಯೋಗ ಬದಲಿಸುವಾಗ 14ಎ ಕಲಮಿನಂತೆ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸುತ್ತಲಿನ ಸರ್ವೆ ನಂಬರುಗಳು ಸಿಗುತ್ತವೆ, ಅವುಗಳ ಪಹಣಿ ಭೂಮಿ ತಂತ್ರಾಂಶದಲ್ಲಿ ಸಿಗುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನಗಳ ಗಡುವು. ಕ್ರಯದ ಕರಾರಿಗೆ ಎರಡು ಮೂರು ತಿಂಗಳ ಅವಧಿ ಇಟ್ಟುಕೊಂಡರೆ ಹೆದ್ದಾರಿ, ರೈಲ್ವೆ, ಸಣ್ಣ ನೀರಾವರಿ ಇಲಾಖೆಗಳ ಉತ್ತರ ಅಷ್ಟರೊಳಗೆ ಬರಬೇಕು. ಆದರೆ ಇಷ್ಟೆಲ್ಲ ಕಚೇರಿ ಸುತ್ತುವ ಹೊರೆಯನ್ನು ಒಂದು ಕುಟುಂಬದ ಮೇಲೆ ಹಾಕುವುದು ಸರಿಯಲ್ಲ. 200 ಮೀಟರಿನೊಳಗಿನ ಅಧಿಸೂಚನೆಗಳು ಮತ್ತು ಮಾಸ್ಟರ್ ಪ್ಲಾನಿನ ಪ್ರಸ್ತಾವಗಳನ್ನು ಒಂದೇ ಪತ್ರದಲ್ಲಿ ಕೊಡುವ ವ್ಯವಸ್ಥೆಯನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶಕ್ಕೆ ಸೇರಿಸಬೇಕು. ಪಹಣಿ, ಸರ್ವೆ ನಕ್ಷೆಗಳೆರಡೂ ಗಣಕೀಕೃತವಾಗಿರುವ ರಾಜ್ಯಕ್ಕೆ ಇದು ಅಸಾಧ್ಯದ ಕೆಲಸವಲ್ಲ. ಮಾಹಿತಿ ಹರಡಿಕೊಂಡು ಬಿದ್ದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಡಾ. ಶಿವರಾಮ ಕಾರಂತ ಬಡಾವಣೆ ಸಾಕ್ಷಿ. 2008ರ ಡಿಸೆಂಬರಿನಲ್ಲಿ ಪ್ರಾಥಮಿಕ ಅಧಿಸೂಚನೆಯಾದ ಭೂಮಿಯಲ್ಲಿ ಜನ ಮನೆ ಕಟ್ಟುತ್ತಲೇ ಹೋದರು. ಕೊನೆಗೆ ಆ ಕಟ್ಟಡಗಳ ಪರಿಶೀಲನೆಗೆ ಸುಪ್ರೀಂ ಕೋರ್ಟೇ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಸಮಿತಿಯನ್ನು ನೇಮಿಸಬೇಕಾಯಿತು.

ಸರ್ಕಾರ ಮಾಡುವವರೆಗೆ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ಈ ಎರಡು ತಾಲ್ಲೂಕುಗಳ ವಕೀಲರಲ್ಲಿ, ಪತ್ರ ಬರಹಗಾರರಲ್ಲಿ ನನ್ನ ಮನವಿ ಇಷ್ಟೆ. ಕ್ರಯದ ಕರಾರಿನಲ್ಲಿ ಹೀಗೊಂದು ವಾಕ್ಯ ಸೇರಿಸಿ: “ಷೆಡ್ಯೂಲು ಸ್ವತ್ತಿನ ಗಡಿಯಿಂದ 200 ಮೀಟರಿನೊಳಗೆ ರಸ್ತೆ, ರೈಲು, ನೀರಾವರಿ, ಕೈಗಾರಿಕೆ ಅಥವಾ ಬಡಾವಣೆಗೆ ಸಂಬಂಧಿಸಿದ ಯಾವ ಅಧಿಸೂಚನೆ, ನೋಟಿಸು, ಪ್ರಸ್ತಾವವೂ ಮಾರಾಟಗಾರರ ತಿಳಿವಳಿಕೆಯಲ್ಲಿ ಇರುವುದಿಲ್ಲ, ಇದ್ದಲ್ಲಿ ಅವುಗಳ ವಿವರ ಈ ಕೆಳಗಿನಂತಿದೆ.” ತಿಳಿದೂ ಇದಕ್ಕೆ ಸುಳ್ಳು ಬರೆದು ಸಹಿ ಹಾಕಿದರೆ ಅದು ಮೌನವಲ್ಲ, 17ನೆಯ ಕಲಮಿನ ಪ್ರಕಾರ ನೇರ ವಂಚನೆ. ‘ನೀನೇ ವಿಚಾರಿಸಬಹುದಿತ್ತು’ ಎಂಬ 19ನೆಯ ಕಲಮಿನ ವಿನಾಯಿತಿ ಅಂಥ ವಂಚನೆಗೆ ಅನ್ವಯಿಸುವುದಿಲ್ಲ. ಈ ವಾಕ್ಯಕ್ಕೆ ಸಹಿ ಹಾಕಲು ಒಪ್ಪದವರಿಗೆ ಮುಂಗಡ ಕೊಡಬೇಡಿ.