ಮೂರ್ಛೆ ರೋಗ: ಮದ್ದು ನಡೆದು ಬಂದ ದಾರಿ



ಕನ್ನಡದಲ್ಲಿ ಮೂರ್ಛೆ ರೋಗ, ಅಪಸ್ಮಾರ, ಉರ್ದುವಿನಲ್ಲಿ ಮಿರ್ಗಿ, ಆಡುಮಾತಿನಲ್ಲಿ ಫಿಟ್ಸ್. ಹೆಸರುಗಳು ಹಲವಿದ್ದರೂ ನಮ್ಮ ಮನೆಗಳಲ್ಲಿ ಈ ರೋಗದ ಹೆಸರನ್ನು ಗಟ್ಟಿಯಾಗಿ ಹೇಳುವವರು ಕಡಿಮೆ. ಮಗಳಿಗೆ ಬಂದರಂತೂ ನೆರೆಮನೆಗೂ ಗೊತ್ತಾಗದಂತೆ ಮುಚ್ಚಿಡುತ್ತಾರೆ. ಈ ಮುಚ್ಚುಮರೆಯಿಂದ ಆಗುವ ಹಾನಿ ಎಷ್ಟೆಂಬುದು ಈ ರೋಗದ ಮದ್ದುಗಳ ಚರಿತ್ರೆಯನ್ನು ನೋಡಿದರೆ ತಿಳಿಯುತ್ತದೆ.

ದೆವ್ವವಲ್ಲ, ಮೆದುಳು

ಸುಮಾರು 2400 ವರ್ಷಗಳ ಹಿಂದೆ ಗ್ರೀಸಿನ ಜನ ಇದನ್ನು ‘ಪವಿತ್ರ ರೋಗ’ ಎಂದು ಕರೆಯುತ್ತಿದ್ದರು. ಇದು ದೇವರು ಕಳಿಸಿದ ರೋಗವಲ್ಲ, ಇದರ ಮೂಲ ಮೆದುಳಿನಲ್ಲಿದೆ ಎಂದು ಹಿಪೊಕ್ರೇಟಿಸನ ಹೆಸರಿನಲ್ಲಿರುವ ಗ್ರಂಥವೊಂದು ಆಗಲೇ ವಾದಿಸಿತು. ನಮ್ಮ ಚರಕ ಸಂಹಿತೆಯೂ ಅಪಸ್ಮಾರವನ್ನು ಚಿಕಿತ್ಸೆಗೆ ಒಳಪಡುವ ರೋಗವೆಂದೇ ವಿವರಿಸಿದೆ. ಹನ್ನೊಂದನೆಯ ಶತಮಾನದ ಇಬ್ನ್ ಸೀನಾ ತಮ್ಮ ‘ಅಲ್-ಖಾನೂನ್’ ಗ್ರಂಥದಲ್ಲಿ ಇದನ್ನು ಮೆದುಳಿನ ಕಾಯಿಲೆಗಳ ಸಾಲಿನಲ್ಲಿ ಇಟ್ಟರು. ಹೀಗೆ ಕಾರಣ ತಿಳಿದಿತ್ತು. ಆದರೆ ಕೆಲಸ ಮಾಡುವ ಮದ್ದು ಸಿಗಲು ಬಹುಕಾಲ ಹಿಡಿಯಿತು.

ಮದ್ದು ಬಂತು, ತೊಂದರೆಯನ್ನೂ ತಂದಿತು

1857ರಲ್ಲಿ ಲಂಡನ್ನಿನ ವೈದ್ಯರ ಸಭೆಯೊಂದರಲ್ಲಿ ಚಾರ್ಲ್ಸ್ ಲೋಕಾಕ್ ಎಂಬ ವೈದ್ಯರು ಪೊಟ್ಯಾಸಿಯಂ ಬ್ರೋಮೈಡ್ ಕೊಟ್ಟರೆ ಕೆಲವು ಮಹಿಳೆಯರಲ್ಲಿ ಫಿಟ್ಸ್ ನಿಲ್ಲುತ್ತದೆ ಎಂದು ತಿಳಿಸಿದರು. ಫಲ ಕೊಟ್ಟ ಮೊದಲ ಮದ್ದು ಇದೇ. ಆದರೆ ಬ್ರೋಮೈಡ್ ಸೇವಿಸಿದವರು ಮಂಕಾಗಿ ತೂಕಡಿಸುತ್ತಿದ್ದರು. ಮೈಮೇಲೆ ಗುಳ್ಳೆಗಳೇಳುತ್ತಿದ್ದವು, ಕೆಲವರ ಬುದ್ಧಿಯೇ ಕಲಕುತ್ತಿತ್ತು.

1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ನಿದ್ರೆಗೆಂದು ಕೊಡುತ್ತಿದ್ದ ಫಿನೋಬಾರ್ಬಿಟಾಲ್ ಮೂರ್ಛೆಯನ್ನೂ ತಡೆಯುತ್ತದೆ ಎಂದು ಕಂಡುಕೊಂಡರು. ನೂರು ವರ್ಷ ದಾಟಿದರೂ ಈ ಅಗ್ಗದ ಮಾತ್ರೆ ಇಂದಿಗೂ ಬಳಕೆಯಲ್ಲಿದೆ. ಆದರೆ ಇದನ್ನು ಥಟ್ಟನೆ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು.

1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪುಟ್ನಮ್ ಫಿನಿಟಾಯಿನ್ ಮದ್ದಿನ ಗುಣವನ್ನು ತೋರಿಸಿಕೊಟ್ಟರು. ಇದು ಹೆಚ್ಚು ನಿದ್ರೆ ಬರಿಸದೆಯೇ ಫಿಟ್ಸ್ ತಡೆಯಿತು. ಆದರೆ ದೀರ್ಘಕಾಲ ತೆಗೆದುಕೊಂಡರೆ ವಸಡು ಬೆಳೆಯುತ್ತದೆ. ಪ್ರಮಾಣವನ್ನು ಸ್ವಲ್ಪ ಹೆಚ್ಚಿಸಿದರೂ ರಕ್ತದಲ್ಲಿ ಮದ್ದು ಮಿತಿಮೀರಿ ಏರಿ ರೋಗಿ ತೂರಾಡಬಹುದು. ಕ್ಷಯಕ್ಕೆ ಕೊಡುವ ಐಸೋನಿಯಜಿಡ್ ಕೂಡ ಈ ಮಟ್ಟವನ್ನು ಏರಿಸುತ್ತದೆ. ಆದ್ದರಿಂದ ಒಂದು ಕಾಯಿಲೆಗೆ ತೋರಿಸುವಾಗ ಇನ್ನೊಂದನ್ನು ಮುಚ್ಚಿಡುವುದು ತಪ್ಪು.

ವ್ಯಾಲ್ಪ್ರೊಯೇಟ್ ಕಲಿಸಿದ ಪಾಠ

1960ರ ದಶಕದಲ್ಲಿ ಫ್ರಾನ್ಸಿನಲ್ಲಿ ವ್ಯಾಲ್ಪ್ರೊಯೇಟ್ ಬಳಕೆಗೆ ಬಂತು. ಹಲವು ಬಗೆಯ ಮೂರ್ಛೆಗೆ ಇದು ಒಳ್ಳೆಯ ಮದ್ದು. ಆದರೆ ಗರ್ಭಿಣಿಯರು ಇದನ್ನು ಸೇವಿಸಿದರೆ ಮಗುವಿನ ಬೆನ್ನುಹುರಿಗೆ ದೋಷ ಬರಬಹುದೆಂದು 1980ರ ದಶಕದಲ್ಲಿ ತಿಳಿಯಿತು. ಇಂಥ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟು ದೋಷ, 30ರಿಂದ 40 ಮಕ್ಕಳಿಗೆ ಬೆಳವಣಿಗೆಯ ತೊಂದರೆ ಕಾಣಬಹುದೆಂದು ನಂತರ ಗೊತ್ತಾಯಿತು. 2018ರಲ್ಲಿ ಯುರೋಪಿನಲ್ಲಿ ಬಿಗಿಯಾದ ನಿರ್ಬಂಧಗಳು ಬಂದವು. ಎಷ್ಟೋ ತಾಯಂದಿರಿಗೆ ಈ ಅಪಾಯವನ್ನು ಯಾರೂ ಹೇಳಿರಲೇ ಇಲ್ಲವೆಂದು 2020ರಲ್ಲಿ ಬ್ರಿಟನ್ನಿನ ಪರಿಶೀಲನಾ ವರದಿಯೊಂದು ಬಯಲಿಗೆಳೆಯಿತು.

ಅಲ್ಲಿ ಹೇಳಬೇಕಾದವರು ಹೇಳಲಿಲ್ಲ. ನಮ್ಮಲ್ಲಿ ಕೇಳಬೇಕಾದವರೇ ಬಾಯಿ ಬಿಡುವುದಿಲ್ಲ. ರೋಗವನ್ನು ಮುಚ್ಚಿಟ್ಟು ಮದುವೆ ಮಾಡಿದ ಮೇಲೆ ಹುಡುಗಿಗೆ ಎರಡೇ ದಾರಿ: ಅತ್ತೆಮನೆಯಲ್ಲಿ ಕದ್ದು ಮಾತ್ರೆ ನುಂಗಬೇಕು, ಇಲ್ಲವೇ ಮಾತ್ರೆ ಬಿಡಬೇಕು. ಕದ್ದು ನುಂಗಿದರೆ ಗರ್ಭದಲ್ಲಿರುವ ಮಗುವಿಗೆ ಯಾವ ಮದ್ದು ತಲುಪುತ್ತಿದೆಯೆಂದು ಹೆರಿಗೆ ಡಾಕ್ಟರಿಗೆ ತಿಳಿಯುವುದಿಲ್ಲ. ಬಿಟ್ಟರೆ ತಾಯಿ, ಮಗು ಇಬ್ಬರಿಗೂ ಗಂಡಾಂತರ. ಮದುವೆಗೆ ಮುಂಚೆಯೇ ಡಾಕ್ಟರಿಗೆ ತಿಳಿಸಿದರೆ ಸೂಕ್ತ ಮದ್ದಿಗೆ ಬದಲಿಸಲು ಕಾಲಾವಕಾಶವಿರುತ್ತದೆ. ಮೂರ್ಛೆ ರೋಗವಿರುವ ಬಹುಪಾಲು ಮಹಿಳೆಯರು ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ ಎಂಬುದನ್ನೂ ತಿಳಿಯಬೇಕು.

ನಮ್ಮ ನಾಡಿನಲ್ಲಿ

ಹೆದರಿಕೆಗೆ ಕಾನೂನಿನ ಒತ್ತಾಸೆಯೂ ಇತ್ತು. ಹಿಂದೂ ವಿವಾಹ ಕಾಯ್ದೆ, ವಿಶೇಷ ವಿವಾಹ ಕಾಯ್ದೆಗಳಲ್ಲಿ ಮೂರ್ಛೆ ರೋಗ ಮದುವೆಗೆ ಅಡ್ಡಿಯೆಂದು ಬರೆದಿತ್ತು. 1999ರ ತಿದ್ದುಪಡಿಯಿಂದ ಆ ಪದವನ್ನು ತೆಗೆದುಹಾಕಲಾಯಿತು. ಕಾನೂನು ಬದಲಾಯಿತು, ಮನಸ್ಸು ಇನ್ನೂ ಬದಲಾಗಬೇಕಿದೆ.

ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಫಿನೋಬಾರ್ಬಿಟಾಲ್, ಫಿನಿಟಾಯಿನ್ ಎಂಬ ಎರಡೇ ಅಗ್ಗದ ಮದ್ದುಗಳಿಂದ ಚಿಕಿತ್ಸೆ ನಡೆಸಿದರು. ಅದರ ಫಲಿತಾಂಶ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ದುಬಾರಿ ಮದ್ದಿಲ್ಲದೆಯೂ ಹಳ್ಳಿಯ ರೋಗಿ ಚೇತರಿಸಿಕೊಳ್ಳಬಲ್ಲ ಎಂಬುದಕ್ಕೆ ಇದು ನಮ್ಮದೇ ಸಾಕ್ಷಿ. ತಲೆಗೆ ಬಿಸಿನೀರು ಹಾಕಿಕೊಂಡಾಗ ಬರುವ ಮೂರ್ಛೆ ಕರ್ನಾಟಕದಲ್ಲಿ ಹೆಚ್ಚಾಗಿ ಕಂಡುಬಂದಿದೆ. ಉಗುರುಬೆಚ್ಚನೆಯ ನೀರಿನಲ್ಲಿ ಸ್ನಾನ ಮಾಡಿದರೆ ಹಲವರಲ್ಲಿ ಇದು ಹತೋಟಿಗೆ ಬರುತ್ತದೆ. ಮದ್ದಿಗೆ ಬಗ್ಗದ ಕೆಲವು ಬಗೆಯ ಮೂರ್ಛೆಗೆ ಶಸ್ತ್ರಚಿಕಿತ್ಸೆಯೂ ಇದೆ.

ನಾವು ಮಾಡಬೇಕಾದದ್ದು

ಸರಿಯಾದ ಚಿಕಿತ್ಸೆ ಸಿಕ್ಕರೆ 10 ರೋಗಿಗಳಲ್ಲಿ 7 ಮಂದಿ ಫಿಟ್ಸ್ ಇಲ್ಲದೆ ಬದುಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೆ ಮನೆಯವರ ಎಚ್ಚರ ಬೇಕು. ಫಿಟ್ಸ್ ನಿಂತಿತೆಂದು ಮಾತ್ರೆ ನಿಲ್ಲಿಸಬೇಡಿ. ಹೊಸ ಮಾತ್ರೆ ಶುರುವಾದ ಮೇಲೆ ಮೈಮೇಲೆ ಗಂಧೆಯೋ ಬಾಯಲ್ಲಿ ಹುಣ್ಣೋ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ರಂಜಾನಿನಲ್ಲಿ ಉಪವಾಸಕ್ಕಾಗಿ ನೀವೇ ಹೊತ್ತು ಬದಲಿಸಬೇಡಿ. ತಿಂಗಳಿಗೆ ಮೊದಲೇ ಡಾಕ್ಟರನ್ನು ಕೇಳಿ. ನಿದ್ರೆಗೆಟ್ಟರೂ ಫಿಟ್ಸ್ ಬರಬಹುದು. ಕಾಯಿಲೆಯವರಿಗೆ ಧರ್ಮವೇ ರಿಯಾಯಿತಿ ಕೊಟ್ಟಿದೆ.

ಯಾರಾದರೂ ಮೂರ್ಛೆ ಬಂದು ಬಿದ್ದರೆ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಬಾಯಿಗೆ ಚಮಚ ತುರುಕುವುದು ಬೇಡ. ತಲೆಯಡಿ ಮೆತ್ತನೆಯದೇನಾದರೂ ಇಡಿ. ಅದುರುವುದು ನಿಂತೊಡನೆ ಮಗ್ಗುಲಿಗೆ ತಿರುಗಿಸಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಸಾಗಿಸಿ.

ಪೋಷಕರೇ, ಮಗುವನ್ನು ಶಾಲೆಗೆ ಸೇರಿಸುವಾಗಲೇ ಈ ವಿಷಯವನ್ನು ಕ್ಲಾಸ್ ಟೀಚರಿಗೆ ತಿಳಿಸಿ. ಶಿಕ್ಷಕ ಬಂಧುಗಳೇ, ತಿಳಿದ ಮೇಲೆ ಆ ಮಗುವನ್ನು ಆಟಪಾಠಗಳಿಂದ ದೂರವಿಡಬೇಡಿ. ಮದ್ದು ಕಂಡುಹಿಡಿಯಲು ಜಗತ್ತಿಗೆ ಸಾವಿರಾರು ವರ್ಷ ಬೇಕಾಯಿತು. ಸಿಕ್ಕಿರುವ ಮದ್ದು ನಮ್ಮ ನಾಚಿಕೆಯಿಂದಾಗಿ ನಮ್ಮ ಮಕ್ಕಳಿಗೆ ತಪ್ಪದಿರಲಿ.