ತುಂತುರಿನ ಬೆಳ್ಳಿ: ಕನ್ನಡಿಲೇಪನದ ವಿಕಾಸ

ಬೆಳಕನ್ನು ಹಿಂದಿರುಗಿಸುವ ಮೈಯೊಂದನ್ನು ನಿರ್ಮಿಸಬೇಕೆಂಬ ಮನುಷ್ಯನ ಅಭಿಲಾಷೆ ಅತಿ ಪ್ರಾಚೀನವಾದುದು. ಆದರೆ ಗಾಜಿಗೋ ಮರಕ್ಕೋ ಪ್ಲಾಸ್ಟಿಕ್ಕಿಗೋ ಅಂಥ ಮೈಯನ್ನು ಮನೆಯ ಹಿತ್ತಿಲಿನಲ್ಲಿಯೇ ನಿಂತು ಸಿಂಪಡಿಸಿ ಪಡೆಯುವುದು ತೀರ ಈಚಿನ ಕಾಲದ ಸೌಲಭ್ಯ. ಈ ಎರಡರ ನಡುವಣ ಇತಿಹಾಸವನ್ನು ಅವಲೋಕಿಸಿದರೆ, ಹೊಳಪನ್ನೀಯುವ ಪೊರೆಯು ಕಾಲಕಾಲಕ್ಕೆ ತೆಳುವಾಗುತ್ತ ಬಂದಂತೆ, ಅದರ ಕೆಳಗಿರುವ ಮೈಯ ಶುದ್ಧಿಯೂ ಲೇಪಿಸುವವನ ಎಚ್ಚರವೂ ಮತ್ತಷ್ಟು ಅಗತ್ಯವಾಗುತ್ತ ಬಂದುದು ಗೋಚರವಾಗುತ್ತದೆ.

ಗಾಜಿನ ಕನ್ನಡಿ ಬಳಕೆಗೆ ಬರುವ ಮುನ್ನ ಲೋಹವನ್ನೇ ಉಜ್ಜಿ ದರ್ಪಣವನ್ನಾಗಿಸುತ್ತಿದ್ದರು. ಬೇಲೂರಿನ ದರ್ಪಣಸುಂದರಿಯ ಕೈಯಲ್ಲಿರುವ ದುಂಡುಗನ್ನಡಿಯೂ ಆ ಜಾತಿಯದೆಂದೇ ಭಾವಿಸಬೇಕು. ಕೇರಳದ ಆರನ್ಮುಳದಲ್ಲಿ ತಾಮ್ರ ತವರಗಳ ಮಿಶ್ರಲೋಹದಿಂದ ಅಂಥ ಕನ್ನಡಿಗಳನ್ನು ಇಂದಿಗೂ ಎರೆಯುತ್ತಾರೆ. ಹದಿನಾರನೆಯ ಶತಮಾನದಲ್ಲಿ ವೆನಿಸ್ಸಿನ ಮುರಾನೋ ದ್ವೀಪದ ಕುಶಲಿಗಳು ಬೇರೊಂದು ಮಾರ್ಗವನ್ನು ಪ್ರಸಿದ್ಧಿಗೆ ತಂದರು: ತವರದ ಹಾಳೆಯ ಮೇಲೆ ಪಾದರಸವನ್ನು ಹರಡಿ, ಅದರ ಮೇಲೆ ಗಾಜನ್ನು ಜಾರಿಸಿ, ಭಾರವನ್ನು ಹೇರಿ, ಹೆಚ್ಚಿನ ರಸವು ಸೋರಿಹೋಗುವವರೆಗೆ ಬಿಡುವುದು ಅದರ ಕ್ರಮ. ಶ್ರೀಮಂತರ ಭವನಗಳು ಇದರಿಂದ ಬೆಳಗಿದುವು, ಕೆಲಸಗಾರರ ಶರೀರಗಳು ಕ್ಷಯಿಸಿದುವು. 1700ರಷ್ಟು ಹಿಂದೆಯೇ ಇಟಲಿಯ ವೈದ್ಯ ರಾಮಾಜ್ಜೀನಿಯು ಕನ್ನಡಿಗೆಲಸದವರ ಪಾದರಸ ವ್ಯಾಧಿಯನ್ನು ಕುರಿತು ಬರೆದಿದ್ದನು.

ಈ ವಿಷದಿಂದ ಬಿಡುಗಡೆಯ ದಾರಿಯನ್ನು ತೋರಿಸಿದುದು ರಸಾಯನಶಾಸ್ತ್ರ. 1835ರಲ್ಲಿ ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್, ಅಮೋನಿಯಾ ಬೆರೆತ ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಆಲ್ಡಿಹೈಡನ್ನು ಸೇರಿಸಿದಾಗ ಗಾಜಿನ ಮೈಯಲ್ಲಿ ಬೆಳ್ಳಿಯ ಪೊರೆ ಕಟ್ಟುವುದನ್ನು ಗುರುತಿಸಿದನು. ನಮ್ಮ ಪದವಿಪೂರ್ವ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಟಾಲನ್ಸ್ ಪರೀಕ್ಷೆಯನ್ನು ಮಾಡಿ ಪ್ರನಾಳವು ಕನ್ನಡಿಯಾಗುವುದನ್ನು ಕಂಡವರೆಲ್ಲರೂ ಬಲ್ಲ ಕ್ರಿಯೆಯೇ ಇದು. 1856ರಲ್ಲಿ ಷ್ಟೈನ್‌ಹೈಲನೂ ಮರುವರ್ಷ ಫ್ರಾನ್ಸಿನ ಫೂಕೋನೂ ದೂರದರ್ಶಕಗಳ ಗಾಜಿನ ದರ್ಪಣಗಳಿಗೆ ಬೆಳ್ಳಿಯನ್ನು ಲೇಪಿಸಿ, ಭಾರವಾದ ಲೋಹದರ್ಪಣಗಳ ಯುಗವನ್ನು ಮುಗಿಸತೊಡಗಿದರು. 1892ರಲ್ಲಿ ಜೇಮ್ಸ್ ಡ್ಯೂವರ್ ರೂಪಿಸಿದ ನಿರ್ವಾತ ಪಾತ್ರೆಯ ಮೂಲಕ ಅದೇ ಬೆಳ್ಳಿ ಥರ್ಮಾಸ್ ಫ್ಲಾಸ್ಕಿನ ಒಡಲನ್ನು ಹೊಕ್ಕಿತು.

ಆದರೆ ಮುಳುಗಿಸಿ ಲೇಪಿಸುವ ಈ ವಿಧಾನಕ್ಕೆ ವಸ್ತುವಿನಷ್ಟೇ ದೊಡ್ಡ ತೊಟ್ಟಿ ಬೇಕು, ಮತ್ತು ಬೆಳ್ಳಿಯ ಬಹುಭಾಗ ತೊಟ್ಟಿಯ ಗೋಡೆಗೂ ತಳಕ್ಕೂ ಸಲ್ಲುತ್ತದೆ. ಬೆಳ್ಳಿಯ ದ್ರಾವಣವನ್ನೂ ಅದನ್ನು ಲೋಹವಾಗಿಸುವ ದ್ರಾವಣವನ್ನೂ ಎರಡು ಮೂತಿಗಳ ಸ್ಪ್ರೇ ಗನ್ನಿನಿಂದ ಏಕಕಾಲದಲ್ಲಿ ಚಿಮ್ಮಿಸಿ, ಅವು ವಸ್ತುವಿನ ಮೈಯ ಮೇಲೆಯೇ ಸಂಧಿಸುವಂತೆ ಮಾಡಿದ ಇಪ್ಪತ್ತನೆಯ ಶತಮಾನದ ಉಪಾಯವು ಈ ತೊಡಕನ್ನು ನೀಗಿತು. ಗ್ರಾಮಫೋನ್ ಉದ್ಯಮಕ್ಕೆ ಇದು ವಿಶೇಷವಾಗಿ ಒದಗಿತು. ಧ್ವನಿಯನ್ನು ಕೊರೆದ ಲ್ಯಾಕರ್ ತಟ್ಟೆಯಲ್ಲಿ ವಿದ್ಯುತ್ತು ಹರಿಯದಾದ ಕಾರಣ, ಮೊದಲು ಬೆಳ್ಳಿಯನ್ನು ಸಿಂಪಡಿಸಿ, ಅದರ ಮೇಲೆ ನಿಕ್ಕಲನ್ನು ಬೆಳೆಸಿ, ತನ್ಮೂಲಕ ಅಚ್ಚನ್ನು ಪಡೆಯುತ್ತಿದ್ದರು.

ಇದೇ ಕಾಲದಲ್ಲಿ ಹೊಳಪಿಗೆ ಬೇರೆ ದಾರಿಗಳೂ ತೆರೆದುವು. 1920ರ ದಶಕದಲ್ಲಿ ವ್ಯಾಪಾರಕ್ಕೆ ಬಂದ ಕ್ರೋಮ್ ಪ್ಲೇಟಿಂಗ್ ಮೋಟಾರು ವಾಹನಗಳ ಅಲಂಕಾರವಾಯಿತು. 1930ರ ದಶಕದಲ್ಲಿ ಜಾನ್ ಸ್ಟ್ರಾಂಗ್ ನಿರ್ವಾತದಲ್ಲಿ ಅಲ್ಯೂಮಿನಿಯಮ್ಮನ್ನು ಆವಿಯಾಗಿಸಿ ದೂರದರ್ಶಕಗಳಿಂದ ಬೆಳ್ಳಿಯನ್ನು ದೂರ ಸರಿಸಿದನು. 1949ರಲ್ಲಿ ಅಮೆರಿಕದ ಎಡ್ವರ್ಡ್ ಸೀಮೋರ್ ಬಣ್ಣವನ್ನು ಒತ್ತಡದ ಡಬ್ಬಿಯಲ್ಲಿ ತುಂಬಿದಾಗ, ಆತ ಹೊರಚೆಲ್ಲಿದ ಮೊದಲ ಬಣ್ಣವೂ ಅಲ್ಯೂಮಿನಿಯಮ್ಮಿನದೇ ಆಗಿತ್ತು. ಇಂದು ಕ್ರೋಮ್ ಎಂಬ ಹೆಸರಿನಿಂದ ಅಂಗಡಿಯಲ್ಲಿ ದೊರೆಯುವ ಸ್ಪ್ರೇ ಡಬ್ಬಿಗಳು ಸಾಮಾನ್ಯವಾಗಿ ಆ ಕುಲಕ್ಕೇ ಸೇರಿದುವು. ಅವುಗಳಲ್ಲಿರುವ ಅಲ್ಯೂಮಿನಿಯಮ್ಮಿನ ಚೂರುಗಳು ಸಮತಲವಾಗಿ ಒರಗಿದಷ್ಟೂ ಹೊಳಪು ಹೆಚ್ಚುವುದಾದರೂ, ಮುಖ ಕಾಣುವಷ್ಟು ನಿರ್ಮಲವಾದ ಬಿಂಬವು ವಿರಳ. ಇತ್ತ ಪ್ಲೇಟಿಂಗ್ ತೊಟ್ಟಿಯ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕವಾದುದರಿಂದ, ಯೂರೋಪಿನಲ್ಲಿ 2017ರಿಂದ ಅದರ ಬಳಕೆಗೆ ವಿಶೇಷ ಅನುಮತಿ ಬೇಕಾಯಿತು. ಬೆಳ್ಳಿಯ ತುಂತುರಿನ ಕಡೆಗೆ ಕುಶಲಿಗಳ ಗಮನ ಹರಿಯಲು ಇದೂ ಒಂದು ಪ್ರಚೋದನೆ.

ಹಿತ್ತಿಲನ್ನು ಸೇರಿರುವ ಇಂದಿನ ವಿಧಾನದಲ್ಲಿ ಕ್ರೋಮಿಯಮ್ಮಿನ ಲೇಶವೂ ಇಲ್ಲ. ವಸ್ತುವಿನ ಮೇಲೆ ಮೊದಲು ಕಪ್ಪು ಬೇಸ್ ಕೋಟನ್ನು ಗಾಜಿನಂತೆ ನುಣುಪಾಗಿ ಬಳಿದು ಪೂರ್ಣವಾಗಿ ಗಟ್ಟಿಯಾಗಲು ಬಿಡುತ್ತಾರೆ. ನೀರು ಹನಿಹನಿಯಾಗಿ ನಿಲ್ಲದೆ ಹಾಳೆಯಂತೆ ಹರಡುವವರೆಗೆ ಅದನ್ನು ಶುದ್ಧಗೊಳಿಸಿ, ಸ್ಟ್ಯಾನಸ್ ಕ್ಲೋರೈಡಿನ ದ್ರಾವಣವನ್ನು ಹಾಯಿಸಿ, ಲವಣರಹಿತ ನೀರಿನಿಂದ ತೊಳೆಯುತ್ತಾರೆ. ಬಳಿಕ ಜೋಡಿ ತುಂತುರು ಬೀಳುತ್ತಲೇ ಮೈ ಕಂದಾಗಿ, ಕೆಲವೇ ಕ್ಷಣಗಳಲ್ಲಿ ದರ್ಪಣವಾಗುತ್ತದೆ. ಈ ಬೆಳ್ಳಿಯ ದಪ್ಪ ಒಂದು ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಭಾಗದ ಆಸುಪಾಸು. ಆದುದರಿಂದ ಅದು ಯಾವುದನ್ನೂ ಮುಚ್ಚಲಾರದು, ಕೆಳಗಿನ ಗೀರನ್ನೂ ಧೂಳನ್ನೂ ಬೆರಳಗುರುತನ್ನೂ ಯಥಾವತ್ತಾಗಿ ಪ್ರಕಟಿಸುತ್ತದೆ. ಕೊಳಾಯಿಯ ಸಾಮಾನ್ಯ ನೀರಿನ ಕ್ಲೋರೈಡು ಬೆಳ್ಳಿಯೊಡನೆ ಕೂಡಿ ಬಿಳಿಯ ಮಬ್ಬಾಗುವುದರಿಂದ ಶುದ್ಧ ನೀರಿಲ್ಲದೆ ಇಲ್ಲಿ ಗತಿಯಿಲ್ಲ. ಕಡೆಯಲ್ಲಿ ಗಾಳಿಯ ಗಂಧಕದಿಂದಲೂ ಕೈಯ ತಿಕ್ಕಾಟದಿಂದಲೂ ರಕ್ಷಿಸಲು ಕ್ಲಿಯರ್ ಕೋಟ್ ಬೇಕು. ಬೆಳ್ಳಿಯ ಬೆಚ್ಚನೆಯ ಛಾಯೆ ಕ್ರೋಮಿನ ತಣ್ಣನೆಯ ನೀಲಿಗೆ ಸಮೀಪಿಸಲೆಂದು ಆ ಕೋಟಿಗೆ ತುಸು ನೀಲಿಯನ್ನು ಬೆರೆಸುವುದುಂಟು.

ಪಾದರಸ ಹೋದರೂ ಅಪಾಯವು ಹೋಗಲಿಲ್ಲ. ಅಮೋನಿಯಾಯುಕ್ತ ಬೆಳ್ಳಿಯ ದ್ರಾವಣವನ್ನು ಮನೆಯಲ್ಲಿ ಬೆರೆಸಿ ಕಾಯ್ದಿಟ್ಟರೆ ಅದರಲ್ಲಿ ಸ್ಫೋಟಕವಾದ ಕಪ್ಪು ಮಡ್ಡಿ ಹುಟ್ಟಬಹುದಾದುದರಿಂದ, ಅದನ್ನು ಅಂದಂದಿಗೆ ಬೆರೆಸಿ ಅಂದೇ ಮುಗಿಸತಕ್ಕದ್ದು. ಸಿಲ್ವರ್ ನೈಟ್ರೇಟ್ ಚರ್ಮವನ್ನು ಕಪ್ಪಾಗಿಸುವುದು, ಕಣ್ಣಿಗೆ ಘಾತಕ. ತೊಳೆದ ನೀರನ್ನು ಚರಂಡಿಗೆ ಬಿಟ್ಟರೆ ಜಲಚರಗಳಿಗೆ ವಿಷ. ಎರಡು ಭಾಗಗಳ ಕ್ಲಿಯರ್ ಕೋಟಿನ ಹಾರ್ಡ್ನರಿನಲ್ಲಿರುವ ಐಸೊಸಯನೇಟ್ ಉಸಿರಿನೊಡನೆ ಒಳಹೊಕ್ಕರೆ ಜೀವಮಾನದ ಉಬ್ಬಸಕ್ಕೆ ಕಾರಣವಾಗಬಲ್ಲದು. ಬಟ್ಟೆಯ ಮುಖಗವಸು ಅದನ್ನು ತಡೆಯುವುದಿಲ್ಲ, ಹೊರಗಿನ ಶುದ್ಧ ಗಾಳಿಯನ್ನು ಪೂರೈಸುವ ಕವಚವೇ ಬೇಕು.

ಹಿಂದೆ ಕಾರ್ಖಾನೆಯ ಗೋಡೆಗಳೊಳಗಿದ್ದ ಹೊಣೆಯು ಹೀಗೆ ಗೃಹಸ್ಥನ ಹೆಗಲಿಗೆ ಬಂದಿದೆ. ಮನೆಯೊಳಗಿನ ಚೌಕಟ್ಟಿಗೂ ಗೊಂಬೆಗೂ ಅಲ್ಯೂಮಿನಿಯಮ್ಮಿನ ಡಬ್ಬಿಯೇ ಯುಕ್ತ. ಬೇರೆ ಕೊಠಡಿಯೂ ಗಾಳಿಯ ಏರ್ಪಾಡೂ ತಾಳ್ಮೆಯೂ ಉಳ್ಳವನಿಗೆ ಬೆಳ್ಳಿಯ ತುಂತುರು ಸಲ್ಲುತ್ತದೆ. ಬಿಸಿಲು ಮಳೆಗಳಿಗೂ ನಿತ್ಯದ ತಿಕ್ಕಾಟಕ್ಕೂ ಒಡ್ಡಿಕೊಂಡ ಬಂಪರಿನಂಥ ಲೋಹದ ಭಾಗಗಳನ್ನು ಪ್ಲೇಟಿಂಗ್ ಬಲ್ಲವರಿಗೆ ಒಪ್ಪಿಸುವುದು ಈಗಲೂ ವಿವೇಕ; ಏಕೆಂದರೆ ಸಿಂಪಡಿಸಿದ ಬೆಳ್ಳಿಯ ಆಯುಸ್ಸು ಅದರ ಮೇಲಿನ ಕ್ಲಿಯರ್ ಕೋಟಿನ ಆಯುಸ್ಸನ್ನು ಮೀರುವುದಿಲ್ಲ.